ಪಿಸುಮಾತಿನ ಗೊಂಬೆ

ಹೊಳೆಯ ಈಚೆ ದಂಡೆಯ ಆ ಊರಿನಲ್ಲಿ ಸಂಜೆಯಾದರೆ ಯಾರೂ ಮಾತಾಡುತ್ತಿರಲಿಲ್ಲ. ಹೊತ್ತು ಇಳಿಯುವಾಗ ನಗಾರಿ ಬಾರಿಸುತ್ತಿದ್ದರು. ನಗಾರಿ ಕೇಳಿದವರು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ಬಾಯಲ್ಲಿದ್ದ ಮಾತನ್ನು ಅಲ್ಲಿಗೇ ನುಂಗಿ, ಊರ ನಡುವಿನ ಬಯಲಿಗೆ ನಡೆಯುತ್ತಿದ್ದರು. ಬಯಲಲ್ಲಿ ಎರಡು ಕಂಬ, ಕಂಬಗಳ ನಡುವೆ ಬಿಳಿಯ ಪರದೆ, ಪರದೆಯ ಹಿಂದೆ ದೀಪ. ದೀಪಕ್ಕೂ ಪರದೆಗೂ ನಡುವೆ ಕೂತು ಗೊಂಬೆಯಜ್ಜ ತೊಗಲಿನ ಗೊಂಬೆಗಳನ್ನು ಆಡಿಸುತ್ತಿದ್ದ. ಹಾಡಿಲ್ಲ, ಮಾತಿಲ್ಲ, ತಾಳವಿಲ್ಲ. ಗೊಂಬೆಗಳು ಬರುತ್ತಿದ್ದವು, ಏನೋ ಮಾಡುತ್ತಿದ್ದವು, ಹೋಗುತ್ತಿದ್ದವು. ಊರು ನೋಡುತ್ತಿತ್ತು.

ಸಂಜೆ ಪರದೆಯ ಮೇಲೆ ಕಂಡದ್ದನ್ನೇ ಊರು ಮರುದಿನ ಬಾಳುತ್ತಿತ್ತು. ಅದು ಆ ಊರಿನ ಕಟ್ಟಳೆ. ಪರದೆಯ ಮೇಲೆ ಕುಂಬಾರ ಹೆಂಡತಿಯೊಡನೆ ಮುನಿಸಿಕೊಂಡು ಆಮೇಲೆ ರಾಜಿಯಾದರೆ, ಮರುದಿನ ಊರ ಕುಂಬಾರ ಹೂವು ಕಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದ. ಕುಂಬಾರನಿಗೆ ಅಜ್ಜನ ಪೆಟ್ಟಿಗೆಯಲ್ಲಿ ಬೇಕಾದಷ್ಟು ಗೊಂಬೆಗಳಿದ್ದವು. ಸಿಟ್ಟಿನ ಕುಂಬಾರ, ಸೋಮಾರಿ ಕುಂಬಾರ, ಅಳುಕುವ ಕುಂಬಾರ, ಕುಡಿದು ಕುಣಿಯುವ ಕುಂಬಾರ. ಹಾಗೆಯೇ ಅತ್ತೆಗೆ, ಸೊಸೆಗೆ, ಸಾಹುಕಾರನಿಗೆ, ಕಳ್ಳನಿಗೆ. ಆದರೆ ಕುಂಟಿಗೆ ಒಂದೇ ಗೊಂಬೆ. ಮೂಗನಿಗೆ ಒಂದೇ ಗೊಂಬೆ. ಕುರುಡನಿಗೆ ಒಂದೇ ಗೊಂಬೆ.

ಕುಂಟಿಯ ಗೊಂಬೆ ಮೂಲೆಯಲ್ಲಿ ಕೂತು ವಿಷ ಅರೆಯುತ್ತಿತ್ತು. ಮೂಗನ ಗೊಂಬೆ ಎಡವಿ ಬೀಳುತ್ತಿತ್ತು, ಊರು ನಗುತ್ತಿತ್ತು. ಕುರುಡನ ಗೊಂಬೆ ಕತ್ತು ಬಗ್ಗಿಸಿ ಕೈ ಚಾಚಿಕೊಂಡು ಬರುತ್ತಿತ್ತು. ಕೆಲವು ಸಂಜೆ ಆಕಾಶದ ಕಡೆ ಮುಖವೆತ್ತಿ ಮುಂದಾಗುವುದನ್ನು ತೋರಿಸುತ್ತಿತ್ತು. ಕೊನೆಗೆ ಬಾವಿಗೆ ಬೀಳುತ್ತಿತ್ತು, ಇಲ್ಲವೇ ಮೇಲಿನಿಂದ ಬೆಳಕು ಇಳಿದು ಅದಕ್ಕೆ ಕಣ್ಣು ಬರುತ್ತಿತ್ತು. ಎರಡರಲ್ಲಿ ಯಾವುದಾದರೂ ಊರು ಕಣ್ತುಂಬ ಅಳುತ್ತಿತ್ತು. ಅತ್ತ ಮೇಲೆ ಊರಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಪರದೆಯ ಮುಂದೆ ನಗಬಹುದಿತ್ತು, ಅಳಬಹುದಿತ್ತು, ಮಾತಾಡುವಂತಿರಲಿಲ್ಲ. ಮಾತಾಡಿದವರ ಗೊಂಬೆಯನ್ನು ಪೆಟ್ಟಿಗೆಯಿಂದ ತೆಗೆದು ಹೊಳೆಗೆ ಬಿಡುತ್ತಿದ್ದರು. ಗೊಂಬೆ ಇಲ್ಲದವರು ಊರಿಗೆ ಕಾಣುತ್ತಿರಲಿಲ್ಲ, ಎದುರಿಗೆ ಬಂದು ನಿಂತರೂ ಕಾಣುತ್ತಿರಲಿಲ್ಲ. ಕಣ್ಣಿಲ್ಲದವರ ಕಿವಿಯಲ್ಲಿ ಪಿಸುಗುಡುವುದಕ್ಕೆ ಮಾತ್ರ ಯಾರೂ ಅಡ್ಡಿ ಮಾಡುತ್ತಿರಲಿಲ್ಲ.

ಆ ಊರಿನಲ್ಲಿ ಲಗಮವ್ವ ಎಂಬ ಹುಡುಗಿ ಇದ್ದಳು. ಅವಳಿಗೊಬ್ಬ ತಮ್ಮ, ಮಾಳಿಂಗ. ಹುಟ್ಟುವಾಗಲೇ ಅವನಿಗೆ ಕಣ್ಣಿರಲಿಲ್ಲ. ತಂದೆ ತಾಯಿ ಒಂದೇ ಜ್ವರದಲ್ಲಿ ತೀರಿಕೊಂಡ ಮೇಲೆ ಅಕ್ಕನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅವನು ಮಾತು ಕಲಿತು, ಹತ್ತು ಪ್ರಶ್ನೆ ಕೇಳುವಷ್ಟು ದೊಡ್ಡವನಾದಾಗ, ಒಂದು ಸಂಜೆ ಅವನನ್ನು ಮೊದಲ ಸಲ ಪರದೆಯ ಮುಂದೆ ಕೂರಿಸಿಕೊಂಡಳು. ಅವತ್ತೇ ಕುರುಡನ ಗೊಂಬೆ ಬಂತು. ಕತ್ತು ಬಗ್ಗಿಸಿ, ಕೈ ಚಾಚಿ, ಬಾವಿಯ ಕಡೆಗೆ ನಡೆಯತೊಡಗಿತು.

ಮಾಳಿಂಗ ಅವಳ ಕಿವಿಗೆ ಬಾಯಿ ಹಚ್ಚಿ, ನನ್ನಂಥವ ಯಾರಾದರೂ ಇದ್ದಾನೇನು ಎಂದು ಕೇಳಿದ.

ಲಗಮವ್ವ ಪರದೆ ನೋಡಿದಳು. ತಮ್ಮನ ಮುಖ ನೋಡಿದಳು. ಅವಳ ಬಾಯಿಗೆ ಬಂದದ್ದು ಅವಳು ಯೋಚಿಸಿದ ಮಾತಲ್ಲ.

"ಇದ್ದಾನ," ಅಂದಳು. "ಕಟ್ಟೆಯ ಮ್ಯಾಲೆ ಕೂತು ಹಗ್ಗ ಹೊಸೆಯಾಕತ್ತಾನ."

ಅಷ್ಟರಲ್ಲಿ ಗೊಂಬೆ ಬಾವಿಗೆ ಬಿತ್ತು. ಸುತ್ತಲೂ ಬಿಕ್ಕುವ ಸದ್ದೆದ್ದಿತು. ಎಲ್ಲರೂ ಯಾಕೆ ಹೀಗೆ ಸದ್ದು ಮಾಡುತ್ತಿದ್ದಾರೆ ಎಂದು ತಮ್ಮ ಕೇಳಿದ. ನಕ್ಕು ನಕ್ಕು ಅವರಿಗೆ ಕಣ್ಣೀರು ಬಂದಿದೆ ಅಂದಳು ಅಕ್ಕ. ಒಂದು ಬಾತುಕೋಳಿ ಬಂದು ಅವನ ಧೋತರದ ಚುಂಗು ಕಚ್ಚಿಕೊಂಡಿದೆ, ಅವನು ಹಗ್ಗ ಬಿಟ್ಟು ಓಡುತ್ತಿದ್ದಾನೆ, ಬಾತುಕೋಳಿ ಬಿಡುತ್ತಿಲ್ಲ.

ಮಾಳಿಂಗ ಗಹಗಹಿಸಿ ನಕ್ಕ. ಅಳುವ ಊರಿನ ನಡುವೆ ಆ ಒಂದು ನಗು ಕೇಳಿಸಿತು. ಜನ ತಿರುಗಿ ನೋಡಿದರು, ಪಾಪ ಅಂದುಕೊಂಡರು, ಮತ್ತಷ್ಟು ಅತ್ತರು.

ಅಂದಿನಿಂದ ಪ್ರತಿ ಸಂಜೆ ಲಗಮವ್ವ ತಮ್ಮನ ಕಿವಿಯಲ್ಲಿ ಗೊಂಬೆಯೊಂದನ್ನು ಕಟ್ಟಿದಳು. ಪರದೆಯ ಮೇಲಿನ ಕುರುಡ ಬಾವಿಗೆ ಬೀಳುತ್ತಿದ್ದಾಗ ಅವಳ ಗೊಂಬೆ ಸಂತೆಯಲ್ಲಿ ಪುಂಡಿ ನಾರಿನ ದರಕ್ಕೆ ಚೌಕಾಸಿ ಮಾಡುತ್ತಿತ್ತು. ಪರದೆಯ ಮೇಲಿನ ಕುರುಡ ಆಕಾಶಕ್ಕೆ ಮುಖವೆತ್ತಿದಾಗ ಅವಳ ಗೊಂಬೆ ಹಾಗಲಕಾಯಿ ಪಲ್ಯ ಒಲ್ಲೆನೆಂದು ಮುಖ ತಿರುಗಿಸುತ್ತಿತ್ತು. ಅದು ಹಟಮಾರಿ. ಚೌಕಾಬಾರದಲ್ಲಿ ಮೋಸ ಮಾಡುತ್ತಿತ್ತು, ಸಿಕ್ಕಿಬೀಳುತ್ತಿತ್ತು. ಒಮ್ಮೊಮ್ಮೆ ಒಳ್ಳೆಯದು, ಒಮ್ಮೊಮ್ಮೆ ಕೆಟ್ಟದ್ದು, ಹೆಚ್ಚು ಹೊತ್ತು ಎರಡೂ ಅಲ್ಲ. ಆ ಗೊಂಬೆಗೆ ಮದುವೆ ಯಾವಾಗ ಎಂದು ತಮ್ಮ ಕೇಳಿದಾಗಲೆಲ್ಲ ಅವಳು ಮಾತು ತಿರುಗಿಸುತ್ತಿದ್ದಳು. ಎಷ್ಟೋ ಸುಳ್ಳು ಹೇಳಿದ ಬಾಯಿಗೆ ಅದೊಂದು ಸುಳ್ಳು ಬರಲಿಲ್ಲ.

ಮಾಳಿಂಗ ಆ ಗೊಂಬೆಯ ಜೊತೆಗೇ ಬೆಳೆದ. ಅದು ಹಗ್ಗ ಹೊಸೆಯುತ್ತದೆಂದು ಅವನೂ ಹೊಸೆಯಲು ಕಲಿತ. ಅದು ಜಗಳಾಡುತ್ತದೆಂದು ಅವನೂ ಸಂತೆಯಲ್ಲಿ ಜಗಳಕ್ಕೆ ನಿಲ್ಲುತ್ತಿದ್ದ. ಆದರೆ ಅವನೊಡನೆ ಯಾರೂ ಜಗಳಾಡುತ್ತಿರಲಿಲ್ಲ. ಅವನು ಕೇಳಿದ ದರಕ್ಕೆ ಹೂಂ ಅಂದು, ಅವನು ಹೊಸೆದ ಹಗ್ಗವನ್ನು ಮನೆಗೊಯ್ದು, ಬಿಗಿಯುವುದಕ್ಕೂ ಕಟ್ಟುವುದಕ್ಕೂ ಬಳಸದೆ ದೇವರ ಮೂಲೆಯಲ್ಲಿ ತೂಗುಹಾಕುತ್ತಿದ್ದರು. ಅದು ಅವನಿಗೆ ತಿಳಿದಿರಲಿಲ್ಲ. ದಾರಿಯಲ್ಲಿ ಎದುರಾದವರು ಅವನ ಅಂಗೈಯಲ್ಲಿ ಒಂದು ಹಿಡಿ ಜೋಳ ಹಾಕುತ್ತಿದ್ದರು. ಇದೇನು ಎಂದು ಅವನು ಕೇಳಿದಾಗ, ನಮ್ಮೂರಲ್ಲಿ ಎದುರಾದವರಿಗೆ ಹೀಗೇ ಶರಣು ಹೇಳುತ್ತಾರೆ ಅಂದಿದ್ದಳು ಅಕ್ಕ. ಮರುದಿನದಿಂದ ಅವನೂ ಸೊಂಟಕ್ಕೆ ಜೋಳದ ಚೀಲ ಕಟ್ಟಿಕೊಂಡು ಹೊರಟ. ಯಾರ ಹೆಜ್ಜೆ ಸಪ್ಪಳ ಕೇಳಿದರೂ ಅವರ ಕೈ ಹಿಡಿದು ಒಂದು ಹಿಡಿ ಹಾಕುತ್ತಿದ್ದ. ಊರ ಹಿರಿಯರು ಕಾಳು ಹಿಡಿದ ಅಂಗೈಯನ್ನು ಏನು ಮಾಡಬೇಕೆಂದು ತೋಚದೆ ನಡುಬೀದಿಯಲ್ಲಿ ನಿಂತುಬಿಡುತ್ತಿದ್ದರು. ಮಳೆ ಬರುತ್ತದೋ ಇಲ್ಲವೋ ಎಂದು ಜನ ಅವನನ್ನು ಕೇಳಿದರೆ, ಕೈ ಹೊರಗೆ ಚಾಚಿ ನೋಡು ಅನ್ನುತ್ತಿದ್ದ. ಅವರು ಆ ಮಾತನ್ನು ಮನೆಗೊಯ್ದು ದಿನವಿಡೀ ಅದರ ಅರ್ಥ ಹುಡುಕುತ್ತಿದ್ದರು.

ಹೀಗೆ ಅವನು ಪ್ರಾಯಕ್ಕೆ ಬಂದ.

ಹೊಳೆಯ ಆಚೆ ದಂಡೆಯಲ್ಲಿ ಪರದೆ ಇರಲಿಲ್ಲ. ಅಲ್ಲಿಂದ ಹೊಳೆವ್ವ ಎಂಬವಳು ದೋಣಿ ನಡೆಸಿಕೊಂಡು ಬರುತ್ತಿದ್ದಳು. ಒಂದು ಬೆಳಗ್ಗೆ ಅವಳು ಮಾಳಿಂಗನ ಹತ್ತಿರ ದೋಣಿ ಕಟ್ಟಲು ಹಗ್ಗ ಕೊಂಡಳು, ಮರುದಿನ ಅದನ್ನು ತಂದು ಅವನ ಮಡಿಲಿಗೆ ಎಸೆದಳು. ನಡುವೆ ಹಳೆಯ ನಾರು ಸೇರಿಸಿದ್ದೀಯ, ನನ್ನ ದೋಣಿ ಹೊಳೆ ಪಾಲಾಗುತ್ತಿತ್ತು ಎಂದು ಬೈದಳು. ಮಾಳಿಂಗ ತಾನೂ ಬೈದ. ಬಿಸಿಲು ಏರುವವರೆಗೆ ಇಬ್ಬರೂ ಬೈದಾಡಿದರು. ಮನೆಗೆ ಬಂದು ಅವನು ಅಕ್ಕನಿಗೆ, ಇವತ್ತು ನನ್ನ ಕೂಡ ಒಬ್ಬಳು ಜಗಳ ಆಡಿದಳು ಎಂದು ಹಬ್ಬ ಬಂತೆನ್ನುವ ಹಾಗೆ ಹೇಳಿದ. ಲಗಮವ್ವ ಒಲೆ ಊದುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಈ ಸುಖ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವಳಿಗೆ ಆಗಲೇ ಹೆದರಿಕೆಯಾಯಿತು.

ಆಮೇಲೆ ಹೊಳೆವ್ವನ ದೋಣಿಗೆ ಹೊಸ ಹಗ್ಗ ಹೊಸೆದದ್ದಾಯಿತು, ಹುಟ್ಟಿಗೆ ಹಿಡಿ ಸುತ್ತಿದ್ದಾಯಿತು. ಹುಟ್ಟು ಹಾಕುವುದನ್ನು ಅವನು ಕಲಿತದ್ದಾಯಿತು. ಒಂದು ಮಧ್ಯಾಹ್ನ ನೀರಿನ ನಡುವೆ ಇಬ್ಬರೂ ಮದುವೆಯ ಮಾತಾಡಿಕೊಂಡರು.

ಆ ಊರಿನಲ್ಲಿ ಮದುವೆ ಮೊದಲು ಪರದೆಯ ಮೇಲೆ ಆಗಬೇಕು, ಆಮೇಲೆ ನೆಲದ ಮೇಲೆ. ಮಾಳಿಂಗ ಅಕ್ಕನಿಗೆ ಹೇಳದೆ ಗೊಂಬೆಯಜ್ಜನ ಮನೆಗೆ ಹೋದ. ಸಂತೋಷದಲ್ಲಿ ಹೋದ. ಅಜ್ಜನ ಕಾಲಿಗೆ ನಮಸ್ಕಾರ ಮಾಡಿ, ಇಷ್ಟು ವರ್ಷ ನನ್ನ ಗೊಂಬೆಯನ್ನು ಚೆನ್ನಾಗಿ ಆಡಿಸಿದ್ದೀರಿ, ಹಗ್ಗ ಹೊಸೆಸಿದ್ದೀರಿ, ಬಾತುಕೋಳಿಯಿಂದ ಕಚ್ಚಿಸಿದ್ದೀರಿ, ಇನ್ನು ಅವನಿಗೆ ಮದುವೆ ಮಾಡಿಸಿರಿ ಎಂದು ಕೇಳಿದ.

ಅಜ್ಜ ಕೆಟ್ಟವನಲ್ಲ. ಅವನ ಅಪ್ಪ ಆಡಿಸಿದ್ದನ್ನು ಅವನು ಆಡಿಸುತ್ತಿದ್ದ, ಅಷ್ಟೆ. ಯಾವ ಹಗ್ಗ, ಯಾವ ಬಾತುಕೋಳಿ ಎಂದು ಕೇಳಿದ. ಮಾಳಿಂಗ ಒಂದೊಂದೇ ಹೇಳಿದ. ಅಜ್ಜ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಎದ್ದು ಪೆಟ್ಟಿಗೆ ತೆರೆದು, ಕುರುಡನ ಗೊಂಬೆಯನ್ನು ತೆಗೆದು, ಮಾಳಿಂಗನ ಎರಡೂ ಕೈಗಳ ಮೇಲೆ ಇಟ್ಟ.

ಮಾಳಿಂಗ ಬೆರಳಾಡಿಸಿದ. ಕತ್ತು ಬಗ್ಗಿತ್ತು. ಎತ್ತಿ ನೋಡಿದ, ಏಳಲಿಲ್ಲ. ಒಂದು ಕೈ ಎದೆಗೆ ಅಂಟಿತ್ತು, ಇನ್ನೊಂದು ಅಂಗೈ ಮೇಲಾಗಿ ಚಾಚಿತ್ತು. ಬೆರಳು ಮಡಚುವಂತಿರಲಿಲ್ಲ. ಬಾಯಿ ಇರುವಲ್ಲಿ ಒಂದು ಗೆರೆ. ಮೊಣಕಾಲು ಬಾಗಿತ್ತು, ಅಲ್ಲಿ ಕೀಲಿರಲಿಲ್ಲ. ಅವನು ಬಹಳ ಹೊತ್ತು ಆ ಮೊಣಕಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂತ.

"ಇವ ಎದ್ದು ನಿಲ್ಲೂದು ಹ್ಯಾಂಗ, ಅಜ್ಜಾ?" ಎಂದು ಕೇಳಿದ.

"ನಿಲ್ಲೂ ಕೆಲಸ ಇವಗ ಬಂದೇ ಇಲ್ಲಪ್ಪ," ಅಂದ ಅಜ್ಜ.

ಆಮೇಲೆ ಅಜ್ಜ ಎಲ್ಲವನ್ನೂ ಹೇಳಿದ, ಬಾವಿಯದೂ ಬೆಳಕಿನದೂ. ಮಾಳಿಂಗನ ಮುಖ ನೋಡಿ ಅವನಿಗೆ ಕನಿಕರವಾಯಿತು. ಒಂದು ದಾರಿ ಇದೆ ಅಂದ. ಬರುವ ಹುಣ್ಣಿಮೆಯ ಸಂಜೆ ಪರದೆಯ ಮೇಲೆ ನಿನಗೆ ಕಣ್ಣು ಬರಿಸುತ್ತೇನೆ, ಕಣ್ಣು ಬಂದವನಿಗೆ ಮದುವೆ ಮಾಡಿಸಲು ನನ್ನ ಹತ್ತಿರ ಗೊಂಬೆ ಇದೆ. ಮರುದಿನದಿಂದ ನೀನು ಕಣ್ಣಿದ್ದವನ ಹಾಗೆ ನಡೆಯಬೇಕು. ಕೋಲು ಹಿಡಿಯಬಾರದು, ಗೋಡೆ ಸವರಬಾರದು, ಮಾತಾಡುವವರ ಮುಖಕ್ಕೆ ಮುಖ ಕೊಡಬೇಕು. ಎಡವಿದರೆ ಊರು ನೋಡದ ಹಾಗಿರುತ್ತದೆ. ಮಾಳಿಂಗ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಗೊಂಬೆಯನ್ನು ಮಡಿಲಿಂದ ಮೆಲ್ಲಗೆ ಎತ್ತಿ ಕೊಟ್ಟು ಮನೆಗೆ ಬಂದ.

ಲಗಮವ್ವ ರೊಟ್ಟಿ ತಟ್ಟುತ್ತಿದ್ದಳು. ಅವನ ನಡಿಗೆಯಲ್ಲೇ ಅವಳಿಗೆ ತಿಳಿಯಿತು.

"ಸುಳ್ಳು ಹೇಳಿದಿ ಅಂತ ನನಗ ಸಿಟ್ಟಿಲ್ಲಕ್ಕಾ," ಅಂದ ಮಾಳಿಂಗ. "ಅದನ್ನ ನನ್ನೊಬ್ಬನ ಕಿವ್ಯಾಗ ಯಾಕ ಹೇಳಿದಿ? ಊರಿಗೆ ಯಾಕ ಹೇಳಲಿಲ್ಲ?"

ಹಂಚಿನ ಮೇಲಿನ ರೊಟ್ಟಿ ಕರಿಕಾಯಿತು. ಲಗಮವ್ವ ಅದನ್ನು ತೆಗೆಯಲಿಲ್ಲ. ತಾನು ಎಂದೂ ಹೇಳದ ಒಂದನ್ನು ಹೇಳಿದಳು. ಪೆಟ್ಟಿಗೆಯಲ್ಲಿ ಕುರುಡನ ಅಕ್ಕನಿಗೂ ಒಂದು ಗೊಂಬೆ ಇದೆ. ಅದು ಅವನ ಹಿಂದೆ ಬರುತ್ತದೆ, ಸೆರಗಿನಿಂದ ಕಣ್ಣೊರೆಸುತ್ತದೆ, ಅವನು ಬಾವಿಗೆ ಬಿದ್ದಾಗ ಬಾವಿಯ ಕಟ್ಟೆಯ ಮೇಲೆ ಕೂರುತ್ತದೆ. ಅದಕ್ಕೆ ಬೇರೆ ಕೆಲಸವಿಲ್ಲ. ಅದಕ್ಕೇ ತನ್ನನ್ನು ಯಾರೂ ಮದುವೆ ಕೇಳಲು ಬರಲಿಲ್ಲ. ತಾನು ಬೀದಿಯಲ್ಲಿ ನಕ್ಕರೆ ಜನ ಬೆಚ್ಚಿಬೀಳುತ್ತಾರೆ, ಅದಕ್ಕೇ ನೀರಿಗೆ ಹೋಗುವಾಗಲೂ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಹೋಗುತ್ತೇನೆ. ಅದಾದರೂ ಒಂದು ಗೊಂಬೆ. ಅದನ್ನೂ ಹೊಳೆಗೆ ಬಿಟ್ಟರೆ ನಾನು ಏನಾಗುತ್ತೇನೆಂದು ಹೆದರಿದೆ ಅಂದಳು.

ಮಾಳಿಂಗ ಅವಳ ಹತ್ತಿರ ಕೂತ. ಇಬ್ಬರೂ ಕರಿಕಾದ ರೊಟ್ಟಿಯನ್ನೇ ಮುರಿದು ತಿಂದರು.

ಹೊಳೆವ್ವನಿಗೆ ವಿಷಯ ತಿಳಿದಾಗ ಅವಳು ದೋಣಿಯಿಂದ ಇಳಿಯಲಿಲ್ಲ. ದಂಡೆಯಲ್ಲಿ ನಿಂತ ಮಾಳಿಂಗನಿಗೆ ನೀರಿನಿಂದಲೇ ಹೇಳಿದಳು.

"ನಾ ಹೂಂ ಅಂದಿದ್ದು ನಿನಗ. ಹುಣ್ಣಿಮಿಗೆ ಕಣ್ಣು ಬಂದವ ಯಾರೋ, ನನಗ ಗುರುತಿಲ್ಲ. ಅವನ ಕೂಡ ನಾ ಬಾಳಂಗಿಲ್ಲ."

ಅವಳು ದೋಣಿ ತಿರುಗಿಸಿಕೊಂಡು ಹೋದಳು. ಹುಟ್ಟಿನ ಸದ್ದು ಕೇಳಿಸುವಷ್ಟು ಹೊತ್ತು ಮಾಳಿಂಗ ಅಲ್ಲೇ ನಿಂತಿದ್ದ.

ಅಂದಿನಿಂದ ಅವನಿಗೆ ಏನೋ ಆಯಿತು. ಗೊಂಬೆಯನ್ನು ಮುಟ್ಟಿದ ಬೆರಳುಗಳು ಅದನ್ನು ಮರೆಯಲಿಲ್ಲ. ಹಗ್ಗ ಹೊಸೆಯಲು ಕೂತರೆ ಕೈ ತಾನಾಗಿ ನಿಲ್ಲುತ್ತಿತ್ತು. ಬೀದಿಗೆ ಹೋದರೆ ಕತ್ತು ಬಗ್ಗುತ್ತಿತ್ತು. ಈಗ ಅವನಿಗೆ ಜೋಳ ಯಾಕೆಂದು ಗೊತ್ತು, ಸಂತೆಯಲ್ಲಿ ಎಲ್ಲರೂ ಹೂಂ ಅನ್ನುವುದು ಯಾಕೆಂದು ಗೊತ್ತು. ಕೇಳಿದವರಿಗೆ ಮಳೆ ಬರುತ್ತದೆ ಅಂದ. ಮಗ ಹುಟ್ಟುತ್ತಾನೆ ಅಂದ. ಅವರು ಅವನ ಪಾದ ಮುಟ್ಟಿದರು, ಅವನು ಕಾಲು ಹಿಂದೆಗೆಯಲಿಲ್ಲ. ಒಂದು ದಿನ ನೀರಿಗೆ ಹೋದ ಲಗಮವ್ವ ಬೀದಿಯ ತಿರುವಿನಲ್ಲಿ ನಿಂತು ನೋಡಿದಳು. ಯಾರೋ ತಮ್ಮನ ಅಂಗೈಗೆ ಒಂದು ಹಿಡಿ ಕಾಳು ಹಾಕಿದರು. ತಮ್ಮ ಅದನ್ನು ತಿರುಗಿ ಕೊಡಲಿಲ್ಲ. ಬೆರಳು ಮಡಚಿ, ಕಾಳನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈ ಚಾಚಿದ.

ಲಗಮವ್ವನ ಕೊಡ ಸೊಂಟದಿಂದ ಜಾರಿ ಒಡೆಯಿತು. ಹೊಳೆಗೆ ಬಿಡುವ ಗೊಂಬೆಯ ಭಯ ಅವಳನ್ನು ಅಲ್ಲೇ ಬಿಟ್ಟುಹೋಯಿತು. ಅದಕ್ಕಿಂತ ದೊಡ್ಡ ಭಯವೊಂದು ಈಗ ಅವಳ ಕಣ್ಣೆದುರೇ ಕೈ ಚಾಚಿ ನಿಂತಿತ್ತು.

ಹುಣ್ಣಿಮೆಯ ಸಂಜೆ ಬಂತು. ನಗಾರಿ ಮೊಳಗಿತು. ಕುರುಡನಿಗೆ ಕಣ್ಣು ಬರುವ ಸಂಜೆಯೆಂದು ಊರು ಮೊದಲೇ ಸೆರಗು, ಪಂಚೆಯ ತುದಿ ಕೈಯಲ್ಲಿ ಹಿಡಿದು ಕೂತಿತ್ತು. ಮಾಳಿಂಗ ಅಕ್ಕನ ಪಕ್ಕದಲ್ಲಿ ಕತ್ತು ಬಗ್ಗಿಸಿ ಕೂತ. ಹೊಳೆವ್ವ ಹೊಳೆ ದಾಟಿ ಬಂದು ಬಯಲಿನ ಅಂಚಿನಲ್ಲಿ ನಿಂತಿದ್ದಳು. ಕಣ್ಣು ಬಂದವನ ಕೂಡ ಬಾಳುವುದಿಲ್ಲ ಅಂದಿದ್ದವಳು, ಮನೆಯಲ್ಲಿ ಕೂರಲಾರದೆ ಬಂದಿದ್ದಳು.

ಗೊಂಬೆ ಬಂತು. ಕತ್ತು ಬಗ್ಗಿಸಿ, ಕೈ ಚಾಚಿ. ಅದರ ಹಿಂದೆ ಅಕ್ಕನ ಗೊಂಬೆ, ಸೆರಗು ಕಣ್ಣಿಗೆ. ಪರದೆಯ ಮೇಲ್ತುದಿಯಲ್ಲಿ ಬೆಳಕು ಮೂಡಿತು. ಇಳಿಯತೊಡಗಿತು. ಊರು ಉಸಿರು ಹಿಡಿಯಿತು.

ಮಾಳಿಂಗ ತಲೆ ಎತ್ತದೆ, ಈಗ ಏನಾಗುತ್ತಿದೆ ಎಂದು ಕೇಳಿದ. ಕೇಳಬೇಕೆಂದು ಕೇಳಿದ್ದಲ್ಲ, ರೂಢಿಯಿಂದ ಕೇಳಿದ.

ಲಗಮವ್ವ ಎದ್ದು ನಿಂತಳು. ಬಾಯಿ ತೆರೆದಳು. ಇಡೀ ಆಯುಷ್ಯ ಪಿಸುಗುಟ್ಟಿದ ಗಂಟಲಿನಿಂದ ಮೊದಲ ಮಾತು ಪಿಸುಮಾತಾಗಿಯೇ ಬಂತು. ಎರಡನೆಯದು ಒಡೆದುಬಂತು. ಮೂರನೆಯದು ಬಯಲಿನ ಕೊನೆಯವರೆಗೆ ಕೇಳಿಸಿತು.

"ಅವಗ ಕಣ್ಣು ಬಂದಿಲ್ಲ. ಬರಂಗಿಲ್ಲ. ಅವ ಹಗ್ಗ ಹೊಸೆಯಾಕತ್ತಾನ."

ಪರದೆಯ ಮೇಲೆ ಬೆಳಕು ಇಳಿಯುತ್ತಲೇ ಇತ್ತು. ಅವಳು ಹೇಳುತ್ತಲೇ ಹೋದಳು. ಸಂತೆಯಲ್ಲಿ ನಾರಿನ ದರಕ್ಕೆ ಜಗಳಾಡಿದ್ದು, ಹಾಗಲಕಾಯಿಗೆ ಮುಖ ತಿರುಗಿಸಿದ್ದು, ಚೌಕಾಬಾರದ ಮೋಸ, ಬಾತುಕೋಳಿ. ತಮ್ಮನ ಕಿವಿಯಲ್ಲಿ ಇಷ್ಟು ವರ್ಷ ಹೇಳಿದ್ದನ್ನೆಲ್ಲ ಊರಿನ ಕಿವಿಯಲ್ಲಿ ಹೇಳಿದಳು. ಜನ ಪರದೆ ನೋಡಿದರು, ಅವಳನ್ನು ನೋಡಿದರು. ಕಣ್ಣಿಗೆ ಒಂದು ಕಾಣುತ್ತಿತ್ತು, ಕಿವಿಗೆ ಇನ್ನೊಂದು ಕೇಳುತ್ತಿತ್ತು. ಅಳಲು ಹಿಡಿದ ಸೆರಗುಗಳು ಮುಖದವರೆಗೆ ಬಂದು ಅರ್ಧಕ್ಕೇ ನಿಂತವು. ಮುಂದಿನ ಸಾಲಿನ ಹಿರಿಯರು ಎದ್ದು ಸುಮ್ಮನಿರು ಎಂದು ಕೈ ಮಾಡಿದರು. ಬಾಯಿಂದ ಹೇಳಲಾರರು, ಹೇಳಿದರೆ ಅವರ ಗೊಂಬೆಗಳೂ ಹೊಳೆಗೆ ಹೋಗುತ್ತಿದ್ದವು.

ಆಗ ಒಂದು ಕೈ ಲಗಮವ್ವನ ಕೈ ಹಿಡಿದು ಕೆಳಗೆ ಎಳೆಯಿತು.

"ಅಕ್ಕಾ, ಕೂಡು," ಅಂದ ಮಾಳಿಂಗ. "ಇನ್ನ ನಾ ಹೇಳ್ತೀನಿ."

ಅವನು ಎದ್ದ. ಅಕ್ಕ ಹೇಳಿದ ಗೊಂಬೆ ತಾನಲ್ಲ ಅಂದ. ಆ ಗೊಂಬೆ ತನಗಿಂತ ಚುರುಕು, ತನಗಿಂತ ನಗಿಸುವಂಥದ್ದು, ಎಷ್ಟೋ ಸಲ ಅದರ ಮೇಲೆ ತನಗೆ ಹೊಟ್ಟೆಕಿಚ್ಚಾಗಿತ್ತು. ತಾನು ಹೊಳೆವ್ವನ ಹಗ್ಗದಲ್ಲಿ ಹಳೆಯ ನಾರು ಸೇರಿಸಿದ್ದು ನಿಜ, ಅವಳು ಹಿಡಿದಾಗ ಇಲ್ಲವೆಂದು ವಾದಿಸಿದ್ದೂ ನಿಜ. ಬಿಸಿಲಿಗೆ ಕಾದ ಕಾಲನ್ನು ಹೊಳೆಯಲ್ಲಿ ಇಳಿಬಿಟ್ಟು ಕೂರುವುದು ತನಗೆ ಇಷ್ಟ. ಬೆಳಗ್ಗೆ ಬೇಗ ಏಳುವುದು ಇಷ್ಟವಿಲ್ಲ. ಅಕ್ಕನಿಗೆ ಸಿಟ್ಟು ಬಂದಾಗ ಪಾತ್ರೆಗಳ ಸದ್ದು ಬೇರೆಯಾಗುತ್ತದೆ, ಆಗ ತಾನು ಮೆಲ್ಲಗೆ ಹೊರಗೆ ಜಾರಿಕೊಳ್ಳುತ್ತೇನೆ. ಮುಂದಾಗುವುದು ತನಗೆ ತಿಳಿಯದು, ಮೊನ್ನೆ ಹೇಳಿದ ಮಳೆಯೂ ಮಗನೂ ಬರೀ ಸುಳ್ಳು.

"ಈಗೊಂದಿಷ್ಟು ದಿನ ನಾ ಆ ಪರದೆ ಮ್ಯಾಲಿನವ ಆಗಿದ್ದೆ," ಅಂದ. "ಭಾಳ ಸುಲಭ ಐತಿ. ನೀವೆಲ್ಲ ಭಾಳ ಮೆತ್ತಗಾಗ್ತೀರಿ. ಆದರ ನಿಮ್ಮೊಳಗ ಒಬ್ಬರೂ ನನ್ನ ಕೂಡ ಮಾತಾಡಂಗಿಲ್ಲ."

ಪರದೆಯ ಹಿಂದೆ ಗೊಂಬೆಯಜ್ಜನ ಕೈ ನಿಂತುಹೋಗಿತ್ತು. ಬೆಳಕು ಗೊಂಬೆಯ ತಲೆಯ ಮೇಲೆ ಒಂದು ಗೇಣು ದೂರದಲ್ಲಿ ನೇತಾಡುತ್ತಿತ್ತು.

ಆಗ ಬಯಲಿನ ಹಿಂಬದಿಯಿಂದ ಒಂದು ಮುದಿ ದನಿ ಬಂತು. ಅಲ್ಲಿ ಊರಿನ ಕುಂಟಜ್ಜಿ ಕೂತಿದ್ದಳು. ಅವಳ ಮನೆಯ ನೀರನ್ನು ಊರಿನವರು ಎಂದೂ ಕುಡಿಯುತ್ತಿರಲಿಲ್ಲ.

"ನಾನೂ ವಿಷ ಅರೆದಾಕಿ ಅಲ್ಲ," ಅಂದಳು ಅಜ್ಜಿ. "ನನಗ ಚಟ್ನಿನೂ ನೆಟ್ಟಗ ಅರೆಯಾಕ ಬರಂಗಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ ನಕ್ಕರು. ಎಡವಿ ಬೀಳುವ ಗೊಂಬೆಯನ್ನು ನೋಡಿ ನಗುವ ನಗು ಅದಲ್ಲ. ಅಜ್ಜಿಯೂ ನಕ್ಕಳು. ಪರದೆಯ ಹಿಂದೆ ಅಜ್ಜ ಗೊಂಬೆಗಳನ್ನು ಕೆಳಗಿಟ್ಟ. ಬಿಳಿಯ ಪರದೆ ಖಾಲಿಯಾಗಿ ಬೆಳಗುತ್ತಾ ಉಳಿಯಿತು. ಜನ ಸ್ವಲ್ಪ ಹೊತ್ತು ಅದನ್ನೇ ನೋಡಿ, ಒಬ್ಬೊಬ್ಬರಾಗಿ ಎದ್ದು ಹೋದರು. ಮರುದಿನ ಹೇಗೆ ಬಾಳಬೇಕೆಂದು ಯಾರಿಗೂ ತಿಳಿದಿರಲಿಲ್ಲ.

ಕಟ್ಟಳೆ ಕಟ್ಟಳೆಯೇ. ಹಿರಿಯರು ಕುರುಡನ ಗೊಂಬೆಯನ್ನು, ಅಕ್ಕನ ಗೊಂಬೆಯನ್ನು, ಕುಂಟಿಯ ಗೊಂಬೆಯನ್ನು ಹೊಳೆಗೆ ಬಿಟ್ಟರು. ಮೂವರೂ ಅಂದಿನಿಂದ ಊರಿಗೆ ಕಾಣಿಸಬಾರದಾಯಿತು. ಮೊದಮೊದಲು ಅದು ಕಷ್ಟದ್ದೇ. ಲಗಮವ್ವ ನೀರಿಗೆ ಹೋದರೆ ಹೆಂಗಸರು ಅವಳ ಆಚೆ ನೋಡುತ್ತಿದ್ದರು. ಅವಳು ಸೆರಗನ್ನು ಕಣ್ಣಿಗೊತ್ತುವುದನ್ನು ಬಿಟ್ಟಿದ್ದಳು, ಆದರೆ ಅವಳ ಬರಿಮುಖವನ್ನು ನೋಡುವವರಿರಲಿಲ್ಲ. ಮನೆಗೆ ಬಂದು ಖಾಲಿ ಕೊಡದ ಮುಂದೆ ಕೂತು ಅತ್ತ ದಿನಗಳೂ ಇದ್ದವು. ಇದಕ್ಕಿಂತ ಬೇರೆ ಮಾಡಬಹುದಿತ್ತೇನೋ ಎಂದು ಅವಳು ಒಮ್ಮೆ ಕೇಳಿದಳು. ಆ ದಿನ ನೀರಿಗೆ ಮಾಳಿಂಗನೂ ಅವಳ ಜೊತೆ ಹೋದ.

ಆದರೆ ಊರಿಗೆ ಕಾಣದವನಿಗೆ ಯಾರೂ ಜೋಳ ಹಾಕುವಂತಿರಲಿಲ್ಲ. ಕಾಣದವನ ಪಾದ ಮುಟ್ಟುವಂತಿರಲಿಲ್ಲ. ದೇವರ ಮೂಲೆಯಲ್ಲಿದ್ದ ಹಗ್ಗಗಳಿಗೆ ಮಹಿಮೆ ಹೋಯಿತು. ಜನ ಅವನ್ನು ಇಳಿಸಿ ಎತ್ತಿಗೆ, ಕೊಡಕ್ಕೆ, ತೊಟ್ಟಿಲಿಗೆ ಕಟ್ಟಿದರು. ಕಟ್ಟಿ ನೋಡಿದ ಮೇಲೆ ಹಗ್ಗ ಬೇಕಾಯಿತು. ಒಂದು ದಿನ ಗಾಣಿಗ ಬಂದು, ಮಾಳಿಂಗನಿಗೆ ಬೆನ್ನು ಮಾಡಿ ನಿಂತು, ಗೋಡೆಗೆ ಹೇಳುವವನ ಹಾಗೆ, ಈ ಹಗ್ಗಕ್ಕೆ ಇಷ್ಟು ದರ ಯಾರು ಕೊಡುತ್ತಾರೆ ಎಂದು ಕೂಗಾಡಿದ. ಮಾಳಿಂಗ ಇಳಿಸಲಿಲ್ಲ. ಗಾಣಿಗ ಹೋಗಲಿಲ್ಲ. ಜೋರಾಗಿ ವಾದವಾಯಿತು. ಕೊನೆಗೆ ಸಿಟ್ಟಿನಲ್ಲಿ ಗಾಣಿಗ ತಿರುಗಿಬಿಟ್ಟ, ಮುಖಕ್ಕೆ ಮುಖ ಕೊಟ್ಟು ಬೈದ. ಬೈದ ಮೇಲೆ ತಾನು ಯಾರನ್ನು ನೋಡುತ್ತಿದ್ದೇನೆಂದು ನೆನಪಾಗಿ ಸುಮ್ಮನಾದ. ಆಮೇಲೆ, ನಾಳೆ ಮತ್ತೆ ಬರುತ್ತೇನೆ, ಅಷ್ಟರೊಳಗೆ ದರ ಇಳಿಸಿರು ಎಂದು ಹೇಳಿ ಹೋದ.

ಊರು ಒಂದೇ ದಿನದಲ್ಲಿ ಬದಲಾಗಲಿಲ್ಲ. ಪೂರ್ತಿ ಬದಲಾಯಿತೆಂದು ಇಂದಿಗೂ ಹೇಳುವಂತಿಲ್ಲ. ನಗಾರಿ ಈಗಲೂ ಮೊಳಗುತ್ತದೆ. ಆದರೆ ಪರದೆಯ ಮುಂದೆ ಒಮ್ಮೊಮ್ಮೆ ಯಾರಾದರೂ ಕೆಮ್ಮಿದ ಹಾಗೆ ಮಾಡಿ, ನಮ್ಮ ಮಾವ ಮೂಗ, ಅವ ಹಿಂಗ ಬೀಳಂಗಿಲ್ಲ ಅಂದುಬಿಡುತ್ತಾರೆ. ಅಷ್ಟು ಜನರ ಗೊಂಬೆಗಳನ್ನು ಹೊಳೆಗೆ ಬಿಡಲು ಹಿರಿಯರಿಗೆ ಕೈ ಸಾಲದು. ಗೊಂಬೆಯಜ್ಜ ಒಂದು ಬೆಳಗ್ಗೆ ಹದ ಮಾಡಿದ ತೊಗಲು ಹಿಡಿದುಕೊಂಡು ಮಾಳಿಂಗನ ಕಟ್ಟೆಗೆ ಬಂದ. ನಿನ್ನ ಹಾಗೆ ಒಂದು ಕೊರೆಯಬೇಕು, ಸ್ವಲ್ಪ ಹೊತ್ತು ಅಲ್ಲಾಡದೆ ಕೂರು ಅಂದ. ಕೂರಲು ಪುರುಸೊತ್ತಿಲ್ಲ, ಕೆಲಸ ಮಾಡುವಾಗಲೇ ಗೀಚಿಕೋ ಅಂದ ಮಾಳಿಂಗ. ಅಜ್ಜ ಗೀಚಿದ, ಅಳಿಸಿದ, ಮತ್ತೆ ಗೀಚಿದ. ನೀ ಒಂದು ಗಳಿಗೆ ಒಂದೇ ಥರ ಇರುವುದಿಲ್ಲವಲ್ಲ ಎಂದು ಗೊಣಗಿದ. ಇನ್ನೂ ಆ ಗೊಂಬೆ ಮುಗಿದಿಲ್ಲ. ಈಗ ಕುಂಟಜ್ಜಿಯೂ ಅಲ್ಲಿ ಬಂದು ಕೂತು, ನನ್ನ ಮೂಗು ಅಷ್ಟು ಉದ್ದ ಇಲ್ಲ ಎಂದು ತಕರಾರು ತೆಗೆಯುತ್ತಾಳೆ.

ಮಾಳಿಂಗ, ಹೊಳೆವ್ವರ ಮದುವೆ ಆಚೆ ದಂಡೆಯಲ್ಲಿ ಆಯಿತು, ಪರದೆ ಇಲ್ಲದ ಕಡೆ. ಮದುವೆಯ ಮರುದಿನ ಇಬ್ಬರೂ ಹಗ್ಗದ ವಿಷಯಕ್ಕೇ ಜಗಳಾಡಿದರೆಂದು ಹೇಳುತ್ತಾರೆ.

ಲಗಮವ್ವನ ಸಂಜೆಗಳು ಖಾಲಿಯಾದವು. ನಗಾರಿ ಕೇಳಿದರೆ ಕಾಲು ತಾನಾಗಿ ಬಾಗಿಲಿಗೆ ಬರುತ್ತಿತ್ತು, ಅಲ್ಲಿ ನಿಲ್ಲುತ್ತಿತ್ತು. ಒಂದು ಸಂಜೆ ಅವಳು ಹಾಗೆ ಹೊಸ್ತಿಲಲ್ಲಿ ನಿಂತಿದ್ದಾಗ ಮಾಳಿಂಗ ಬಂದು, ನಿನಗೇನು ಮಾಡಬೇಕನ್ನಿಸುತ್ತದೆ ಅಕ್ಕಾ ಎಂದು ಕೇಳಿದ. ಆ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಬಹಳ ಯೋಚಿಸಿ, ಇಷ್ಟು ವರ್ಷ ಈ ದಂಡೆಯಲ್ಲೇ ನೀರು ತುಂಬಿದೆ, ಹೊತ್ತು ಮುಳುಗುವಾಗ ಹೊಳೆಯ ನಡುವೆ ಹೇಗಿರುತ್ತದೋ ನೋಡಿಲ್ಲ ಅಂದಳು. ಮದುವೆಗೆ ಹೋದಾಗ ಮಧ್ಯಾಹ್ನವಾಗಿತ್ತು. ಕೈಯಲ್ಲಿ ಅಕ್ಷತೆಯ ತಟ್ಟೆ ಇತ್ತು, ಅದರ ಮೇಲೇ ಅವಳ ಕಣ್ಣಿತ್ತು.

ಮೂವರೂ ದೋಣಿ ಹತ್ತಿದರು. ಹೊಳೆವ್ವ ಚುಕ್ಕಾಣಿಯ ಕಡೆ, ಮಾಳಿಂಗ ಹುಟ್ಟು ಹಾಕುತ್ತಾ ನಡುವೆ, ಲಗಮವ್ವ ದೋಣಿಯ ಮೂತಿಯಲ್ಲಿ. ಎಡಕ್ಕ ಎಳಿ, ಎಡಕ್ಕ ಅಂದ್ರ ಎಡಕ್ಕ ಎಂದು ಹೊಳೆವ್ವ ಬೈಯುತ್ತಿದ್ದಳು. ಎಳೀತೀನಿ ತಡಿ ಎಂದು ಅವನು ತಿರುಗಿ ಹೇಳುತ್ತಿದ್ದ. ದಂಡೆ ಹಿಂದೆ ಸರಿಯಿತು. ನಗಾರಿಯ ಸದ್ದು ಸಣ್ಣದಾಯಿತು, ನಿಂತಿತು. ನೀರು ಕೆಂಪಾಯಿತು, ಆಮೇಲೆ ಕೆಂಪೂ ಅಲ್ಲದ, ಲಗಮವ್ವನಿಗೆ ಹೆಸರು ಗೊತ್ತಿಲ್ಲದ ಬಣ್ಣವಾಯಿತು. ಒಂದು ಬೆಳ್ಳಕ್ಕಿ ಸಾಲು ಅವರ ತಲೆಯ ಮೇಲಿಂದ ಹಾದು ಆಚೆ ದಂಡೆಯ ಜೊಂಡಿನಲ್ಲಿ ಇಳಿಯಿತು.

ರೆಕ್ಕೆಗಳ ಸದ್ದು ಕೇಳಿ ಮಾಳಿಂಗ ಹುಟ್ಟು ನಿಲ್ಲಿಸಿದ. "ಅಕ್ಕಾ, ಏನು ಕಾಣ್ತೈತಿ?" ಎಂದು ಕೇಳಿದ.

"ತುಸು ಸುಮ್ನಿರು ತಮ್ಮಾ," ಅಂದಳು ಲಗಮವ್ವ. "ನಾ ನೋಡಾಕತ್ತೀನಿ."